ಜೀನಿನ ಕೆಳಗಿನ ಕಂಬಳಿ

ಕಾಶೀರಾಮನಿಗೂ ಅಮೆರಿಕಕ್ಕೂ ಇದ್ದ ವೈರ ಬೀದರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಅಮೆರಿಕ ಒಂದನ್ನು ಬಿಟ್ಟು. ನಲವತ್ತು ವರ್ಷ ಅಂಬೇಡ್ಕರ್ ವೃತ್ತದಲ್ಲಿ ನಿಂತು ಅವನು ಆ ದೇಶಕ್ಕೆ ಧಿಕ್ಕಾರ ಕೂಗಿದ್ದ. ನಲ್ಲಿಯಲ್ಲಿ ನೀರು ಬರದಿದ್ದರೂ, ಹಾಸ್ಟೆಲಿನ ಸಾರಿನಲ್ಲಿ ಬೇಳೆ ಕಾಣದಿದ್ದರೂ ಕೊನೆಯ ಧಿಕ್ಕಾರ ಅಮೆರಿಕಕ್ಕೇ ಮೀಸಲು. ಅಂಥವನು ಒಂದು ಮಂಗಳವಾರ ಮಧ್ಯಾಹ್ನ ಚೌಬಾರಾ ಹತ್ತಿರದ ಬಿದರಿ ಸಾಮಾನಿನ ಅಂಗಡಿಯಲ್ಲಿ ಕೂತು, ನಮ್ಮ ಮನೆಯಲ್ಲಿದ್ದ ಆ ಅಮೆರಿಕದ ವಸ್ತು ಇನ್ನೂ ಎಲ್ಲಾದರೂ ಉಳಿದಿರಲಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡ. (ಯಾರನ್ನು ಬೇಡಿಕೊಂಡ ಎಂದು ಕೇಳಬೇಡಿ. ಅವನು ನಾಸ್ತಿಕ.)

ಕಾಶೀರಾಮ ಪೂರ್ಣಾವಧಿ ಕಾರ್ಯಕರ್ತ. ಅಂದರೆ, ಅಂಗನವಾಡಿ ಟೀಚರ್ ಆಗಿದ್ದ ಹೆಂಡತಿ ಕೌಸಲ್ಯಾಬಾಯಿಯ ಪಗಾರದಲ್ಲಿ ಕ್ರಾಂತಿ ಮಾಡಿದವನು. ಜಿಲ್ಲಾಧಿಕಾರಿ ಕಚೇರಿಯ ಎದುರಿನ ಸಿಮೆಂಟಿನ ಮೇಲೆ ಅವನಷ್ಟು ಕೂತವರು ಬೀದರಿನಲ್ಲಿ ಇನ್ನೊಬ್ಬರಿಲ್ಲ. ಕೂತು ಕೂತೇ ಮೂಲವ್ಯಾಧಿ ತರಿಸಿಕೊಂಡ. ಆ ಕಾಲದಲ್ಲಿ ಕೌಸಲ್ಯಾಬಾಯಿ ಹಳೆಯ ಸೀರೆಗಳನ್ನು ಪದರ ಹಾಕಿ, ಒಬ್ಬ ಮನುಷ್ಯ ಕಾಲು ಮಡಚಿ ಕೂರುವಷ್ಟು ಒಂದು ಚೌಕ ಕೌದಿ ಹೊಲಿದು ಕೊಟ್ಟಿದ್ದಳು. ಭಾರದ ಕೌದಿ, ಗಟ್ಟಿ ಕೌದಿ. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವನು ಬರುವುದು ಕಂಡರೆ ಪೊಲೀಸರು ಊಟದ ಡಬ್ಬಿ ಮುಚ್ಚಿ ಏಳುತ್ತಿದ್ದರು. ಜನ ಅವನನ್ನು ಕೌದಿ ಕಾಶೀರಾಮ ಎಂದೇ ಕರೆದರು. ಮೊದಮೊದಲು ಸಿಟ್ಟು ಬಂತು, ಆಮೇಲೆ ಅದೇ ಬಿರುದಾಯಿತು.

ಅಂಗಡಿಯ ಒಡೆಯ ನಿಜಾಮೋದ್ದೀನ ಅವನ ಹಳೆಯ ಗೆಳೆಯ. ಪರದೇಶದ ಗಿರಾಕಿಗಳ ಜೊತೆ ವ್ಯವಹಾರ ಮಾಡಿ ಇಂಗ್ಲಿಷ್ ಕಲಿತವನು, ಹಳೆಯ ವಸ್ತು ಎಂದರೆ ಮೂಗು ಅರಳಿಸುವವನು. ಅವತ್ತು ಅವನು ಮೊಬೈಲಿನಲ್ಲಿ ಒಂದು ವಿಡಿಯೋ ನೋಡುತ್ತಿದ್ದ.

‘ಇದು ನೋಡು ಭಾಯಿ. ನಿನ್ನ ದುಶ್ಮನ್ ಮುಲ್ಕಿಂದು.’

ಅಮೆರಿಕದ ಮರುಭೂಮಿಯ ಆದಿವಾಸಿಗಳು, ನವಾಹೋ ಎಂಬ ಜನ. ಅವರ ಹೆಂಗಸರು ಮಗ್ಗವನ್ನು ಗೋಡೆಯ ಹಾಗೆ ನಿಲ್ಲಿಸಿಕೊಂಡು ಕುರಿಯುಣ್ಣೆಯಲ್ಲಿ ನೇಯ್ದ ಚಿಕ್ಕ ಕಂಬಳಿ. ಕುದುರೆಯ ಬೆನ್ನ ಮೇಲೆ, ಜೀನಿನ ಕೆಳಗೆ ಹಾಸುವಂಥದ್ದು. ಯಾರೋ ಮುದುಕಿ ಅದರ ಮೇಲೆ ಬೆಕ್ಕು ಮಲಗಿಸುತ್ತಿದ್ದಳಂತೆ. ಹರಾಜಿನಲ್ಲಿ ಅದು ಹೋದ ಬೆಲೆಯನ್ನು ನಿಜಾಮೋದ್ದೀನ ರೂಪಾಯಿಗೆ ಇಳಿಸಿ ಹೇಳಿದಾಗ ಕಾಶೀರಾಮನ ಕೈಯಲ್ಲಿದ್ದ ಚಹಾ ಬಸಿಯಿಂದ ತುಳುಕಿ ಪೈಜಾಮದ ಮೇಲೆ ಬಿತ್ತು. ಸುಟ್ಟದ್ದು ಅವನಿಗೆ ಗೊತ್ತಾಗಲಿಲ್ಲ. ಅವನ ಕಣ್ಣು ಕಂಬಳಿಯ ನಡುವಿನ ಗುರುತಿನ ಮೇಲಿತ್ತು. ಕೆಂಪು ನೆಲದಲ್ಲಿ, ಬೂದು ಬಿಳಿ ಮತ್ತು ಕಪ್ಪಿನಲ್ಲಿ, ದೊಡ್ಡದೊಂದು ಸ್ವಸ್ತಿಕ.

‘ಇದು ಅವರಲ್ಲಿ ಹ್ಯಾಂಗ ಬಂತು?’

‘ಅವರದು ಬ್ಯಾರೇನೇ ಕತಿ ಅದ. ಹೊಳಿನಾಗ ತಿರಗೋ ಮರದ ದಿಮ್ಮಿ ಅಂತ. ಹಿಟ್ಲರ್ ಬಂದು ಹೆಸರು ಕೆಡಿಸಿದ ಮ್ಯಾಲ, ಹತ್ತೊಂಬತ್ತು ನೂರಾ ನಲವತ್ತರಾಗ, ಆ ಜನಾನೇ ಕುಂತು ಇನ್ನ ಈ ಗುರುತು ನೇಯೋದು ನಕ್ಕೋ, ಬ್ಯಾಡ ಅಂತ ಠರಾವು ಮಾಡ್ಯಾರ. ಅದಕ್ಕ ಈ ಗುರುತು ಇತ್ತಂದ್ರ ಮಾಲು ಅದಕ್ಕಿಂತ ಹಳೀದು. ತಿಳೀತಾ?’

ಕಾಶೀರಾಮನಿಗೆ ತಿಳಿದದ್ದು ಬೇರೆ. ಅಂಥದ್ದೇ ಕಂಬಳಿ ಅವನ ಮನೆಯಲ್ಲೂ ಇತ್ತು. ಇತ್ತು ಅಂದರೆ, ಒಂದು ಕಾಲಕ್ಕೆ.

ಕೌಸಲ್ಯಾಬಾಯಿಯ ಆಯಿ, ಅಂದರೆ ಅಜ್ಜಿ, ಅಮೆರಿಕದಿಂದ ಬಂದಿದ್ದ ಒಬ್ಬ ಡಾಕ್ಟರಮ್ಮನ ಬಂಗಲೆಯಲ್ಲಿ ಅಡುಗೆಗಿದ್ದಳು. ಆ ಮೇಡಮ್ಮು ಊರಿಗೆ ಮರಳುವಾಗ, ನಮ್ಮ ದೇಶದ ಆದಿವಾಸಿ ಹೆಂಗಸರು ನೇಯ್ದದ್ದು ಎಂದು ಹೇಳಿ ಒಂದು ಕಂಬಳಿ ತುಂಡು ಕೊಟ್ಟು ಹೋದಳು. ಆಯಿ ಅದನ್ನು ಊರೆಲ್ಲ ಹೇಳಿಕೊಂಡು ಬಂದಳು. ಊರು ನಂಬಲಿಲ್ಲ. ಸಂತೆಯಲ್ಲಿ ಕೊಂಡು ಅಮೆರಿಕದ್ದು ಅಂತಾಳ ಮುದುಕಿ ಎಂದು ನಕ್ಕರು. ನಂಬಿದ ಒಬ್ಬಳೇ ಮೊಮ್ಮಗಳಿಗೆ ಅದು ಮದುವೆಯಲ್ಲಿ ಬಂತು.

ಮುಂದೆ ಊರಿಗೂರೇ ಕೇಸರಿ ಏರುತ್ತಿದ್ದ ವರ್ಷಗಳಲ್ಲಿ, ಶಿಬಿರವೊಂದನ್ನು ಮುಗಿಸಿ ಕಾದ ಹಂಚಿನಂತೆ ಮನೆಗೆ ಬಂದ ಕಾಶೀರಾಮನ ಕಣ್ಣಿಗೆ ಮಂಚದ ಮೇಲಿನ ಸ್ವಸ್ತಿಕ ಬಿತ್ತು.

‘ಬಾಬಾಸಾಹೇಬರ ಫೋಟೋ ಇರೋ ಮನ್ಯಾಗ ಇದು ಇರಬಾರ್ದು. ಇವತ್ತೇ ಹೊರಗ ಹೋಗಬೇಕು.’

‘ಅದು ನಮ್ಮ ಆಯಿದು ಅದರಿ. ಮೇಡಮ್ಮು ಕೊಟ್ಟದ್ದು.’

‘ಮೇಡಮ್ಮು ಕೊಡ್ಲಿ, ಮನು ಕೊಡ್ಲಿ. ಹೊರಗ ಅಂದ್ರ ಹೊರಗ.’

ಕೌಸಲ್ಯಾಬಾಯಿ ಕಂಬಳಿ ಮಡಚಿ ಎತ್ತಿಕೊಂಡಳು. ಮರುದಿನ ಕಂಬಳಿ ಮಂಚದ ಮೇಲೆ ಇರಲಿಲ್ಲ. ಎಲ್ಲಿ ಹೋಯಿತೆಂದು ಅವನೂ ಕೇಳಲಿಲ್ಲ, ಗೆದ್ದವರು ಅಂಥದ್ದನ್ನೆಲ್ಲ ಕೇಳುವುದಿಲ್ಲ. ಅಂದಿನಿಂದ ಅವಳು ಆಯಿಯ ಸುದ್ದಿಯನ್ನು ಅವನೆದುರು ಎತ್ತಿದವಳಲ್ಲ. ಅದನ್ನು ಅವನು ಗಮನಿಸಿದ್ದ. ಗಮನಿಸಿದ್ದೇನೆಂದು ಒಪ್ಪಿಕೊಂಡಿರಲಿಲ್ಲ.

‘ಅಸಲಿ ನಕಲಿ ಹ್ಯಾಂಗ ಗೊತ್ತಾಗ್ತದ?’ ಎಂದು ಈಗ ಅವನು ಕೇಳಿದ, ಯಾರದೋ ಊರಿನ ಮಳೆಯ ಬಗ್ಗೆ ಕೇಳುವವನ ಹಾಗೆ.

ನಿಜಾಮೋದ್ದೀನ ವಿಡಿಯೋ ನಿಲ್ಲಿಸಿ ನಿಲ್ಲಿಸಿ ಹೇಳಿದ. ಅಂಚಿಗೆ ಸಾಲಾಗಿ ಕುಚ್ಚು ಜೋತಾಡುತ್ತಿದ್ದರೆ ಹೆಚ್ಚಾಗಿ ನಕಲಿ. ಅಸಲಿಯಲ್ಲಿ ಉದ್ದಕ್ಕೆ ಹಾಯುವ ಹಾಸಿನ ಎಳೆ ಕತ್ತರಿಸುವುದಿಲ್ಲ, ಸುತ್ತ ಹೊಸೆದ ಹುರಿಯ ಅಂಚು ಇರುತ್ತದೆ, ಮೂಲೆಯಲ್ಲಿ ಮಾತ್ರ ಚಿಕ್ಕ ಜುಟ್ಟು. ಕೆಲವದರಲ್ಲಿ ಒಳಗಿನ ಬಣ್ಣದ ಒಂದು ಸಣ್ಣ ಗೆರೆ ಅಂಚನ್ನು ದಾಟಿ ಹೊರಗೆ ಹೋಗುತ್ತದೆ. ನೇಯುವವಳ ಜೀವ ಕಂಬಳಿಯೊಳಗೆ ಸಿಕ್ಕಿಬೀಳಬಾರದು ಅಂತ ಬಿಟ್ಟ ದಾರಿ. ಕೊನೆಯದಾಗಿ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಬೇಕು, ಕೆಂಪು ಬಣ್ಣ ಹತ್ತಿದರೆ ಬೆಲೆ ಇಳಿಯಿತು.

‘ಯಾಕ, ನಿಮ್ಮನ್ಯಾಗ ಅದ ಏನು?’

‘ಛೆ. ಆದಿವಾಸಿ ಹೋರಾಟದ ಅಧ್ಯಯನ.’

ಮನೆಗೆ ನಡೆಯುವ ದಾರಿಯಲ್ಲಿ ಅವನು ದುಡ್ಡನ್ನು ಹಂಚಿ ಮುಗಿಸಿದ. ಸಂಘಟನೆಗೆ ಸ್ವಂತ ಕಟ್ಟಡ, ಒಳಗೆ ಗ್ರಂಥಾಲಯ, ಬಾಗಿಲ ಮೇಲೆ ಹಿರಿಯ ಹೋರಾಟಗಾರನ ಒಂದು ಭಾವಚಿತ್ರ. (ಯಾವ ಹಿರಿಯ ಎಂಬುದನ್ನು ಸಮಿತಿ ತೀರ್ಮಾನಿಸಲಿ. ಫೋಟೋ ಅವನ ಹತ್ತಿರ ತಯಾರಿತ್ತು.) ತನ್ನ ಆ ಆಜ್ಞೆಯ ಬಗೆಗೂ ಅವನಿಗೆ ಸಮಾಧಾನವಾಯಿತು. ಆ ಗುರುತು ಬೇಡವೆಂದು ನವಾಹೋ ಜನವೂ ಠರಾವು ಮಾಡಿದ್ದರಲ್ಲ, ತನ್ನದೂ ಅದೇ ಠರಾವು. ಅವರು ಹಳೆಯದನ್ನು ಇಟ್ಟುಕೊಂಡರು, ತಾನು ಎಸೆಸಿದೆ. ಅಷ್ಟೇ ವ್ಯತ್ಯಾಸ.

ಹೆಂಡತಿಯನ್ನು ನೇರ ಕೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೇಳುವುದೆಂದರೆ ಅಂದಿನ ಆಜ್ಞೆಯನ್ನು ನುಂಗುವುದು. ಮೂವರು ಜಿಲ್ಲಾಧಿಕಾರಿಗಳು ಬಾಗಿಸಲಾಗದ ತಲೆ ಅದು, ಅಡುಗೆಮನೆಯ ಬಾಗಿಲಲ್ಲಿ ಬಾಗೀತೆ? ತಾನೇ ಹುಡುಕಿ ತಂದು ಅವಳ ಮುಂದೆ ಎಸೆಯಬೇಕು, ಅವಳು ಬೆರಗಾಗಬೇಕು. ಕೌಸಲ್ಯಾಬಾಯಿ ಜೋಳದ ರೊಟ್ಟಿ ಬಡಿಯುವಾಗ ಅವನು ಟ್ರಂಕು ತೆರೆದು ಸೀರೆಗಳ ನಡುವೆ ಮೊಣಕೈವರೆಗೆ ಕೈ ಹಾಕಿದ. ರೊಟ್ಟಿಯ ಸಪ್ಪಳ ನಿಂತಿತು.

‘ಏನ್ ಹುಡುಕ್ಲತ್ತೀರಿ?’

‘ಹಳೀ ಕರಪತ್ರ.’

‘ಕರಪತ್ರಕ್ಕ ಸೀರಿ ಉಡಿಸಿ ಇಟ್ಟಿದ್ರೇನು?’

‘ನಾಳಿ ಭಾಲ್ಕಿದಾಗ ಮೀಟಿಂಗ್ ಅದ’ ಎಂದು ಅವನು ಟ್ರಂಕು ಮುಚ್ಚಿದ. ಬೆರಳು ಸಿಕ್ಕಿತು. ಕೂಗಲಿಲ್ಲ. ಲಾಠಿ ತಿಂದ ಬೆರಳು.

ಮರುದಿನ ಹೊರಟಾಗ ಅವಳು ಎಂದಿನಂತೆ ಬಾಗಿಲವರೆಗೆ ಬಂದು ಕೌದಿಯನ್ನು ಕಂಕುಳಿಗೆ ತುರುಕಿದಳು. ‘ಮರತು ಹೊಂಟೀರಿ. ಬರೇ ನೆಲದ ಮ್ಯಾಲ ಕುಂತು ಬಂದು ರಾತ್ರೆಲ್ಲ ನರಳಬ್ಯಾಡ್ರಿ ಮತ್ತ.’

ಬೇಡವೆಂದರೆ ಮೀಟಿಂಗು ಸುಳ್ಳೆಂದು ಗೊತ್ತಾದೀತು. ಹೊತ್ತುಕೊಂಡೇ ಹೋದ.

ಭಾಲ್ಕಿಯಲ್ಲಿ ಕೌಸಲ್ಯಾಬಾಯಿಯ ಅಣ್ಣ ಪಂಢರಿ ಇದ್ದ. ಎಮ್ಮೆಗೆ ಮೈ ತೊಳೆಯುತ್ತಿದ್ದವನು ತಂಗಿಯ ಗಂಡನನ್ನು ಕಂಡು ‘ಜೈಭೀಮ್ ದಾಜಿ, ಯಾವ ವಿಷಯದ ಮ್ಯಾಲ ಬಂದ್ರಿ?’ ಎಂದ. ಅವನು ವಿಷಯವಿಲ್ಲದೆ ಬಂದದ್ದನ್ನು ಆ ಮನೆ ಕಂಡಿರಲಿಲ್ಲ.

‘ಹಂಗೇ ಬಂದೆ. ಆಯಿದೊಂದು ಕಂಬಳಿ ಇತ್ತಲ್ಲ, ಕೌಸಲ್ಯಾ ನಿಮ್ಮ ಕಡಿ ತಂದಿಟ್ಟಿರಬೇಕು.’

‘ನೀವು ಹೊರಗ ಒಗಿ ಅಂದಿದ್ದು?’

‘ಒಗಿ ಅಂದಿಲ್ಲ. ಹೊರಗ ಅಂದಿದ್ದೆ.’

ಪಂಢರಿ ಎಮ್ಮೆಯ ಬೆನ್ನಿನ ಮೇಲೆ ನೀರು ಸುರಿದು ಯೋಚಿಸಿದ. ಒಂದು ಗಂಟು ತಂದದ್ದು ಖರೆ ಎಂದ. ಆದರೆ ಆಗ ಕಿರಿಯ ತಂಗಿ, ಔರಾದಿನ ಸಪನಾಳ ಬಾಣಂತನ, ಆ ಗಂಟು ಅಲ್ಲಿಗೇ ಹೋಯಿತು. ಆಮೇಲೆ ಅವನು ಕಣ್ಣು ಕಿರಿದು ಮಾಡಿ ಕೇಳಿದ, ‘ಈಗ್ಯಾಕ ನೆನಪಾತು ದಾಜಿ?’

ಆದಿವಾಸಿ ಹೋರಾಟದ ಅಧ್ಯಯನ ಎಂಬ ಉತ್ತರ ಎಮ್ಮೆಗೂ ಹಿಡಿಸಲಿಲ್ಲ. ಅದು ಬಾಲ ಬೀಸಿತು. ಒದ್ದೆ ಮುಖ ಒರೆಸಿಕೊಳ್ಳುತ್ತ ಕಾಶೀರಾಮ ಔರಾದಿನ ಬಸ್ಸು ಹಿಡಿದ.

ಸಪನಾ ಅಕ್ಕನ ಹಾಗಲ್ಲ. ಅಕ್ಕ ಸುಮ್ಮನಿದ್ದು ಸೋಲಿಸುವವಳು, ತಂಗಿ ಮಾತಾಡಿ ಸೋಲಿಸುವವಳು. ಗಂಡ ಕೈಲಾಶ ತೊಗರಿ ಮಾರಲು ಅಡತಿ ಅಂಗಡಿಗೆ ಹೋಗಿದ್ದ. ದಾಜಿಗೆ ಚಹಾ ಕೊಟ್ಟಳು, ಮಂಡಕ್ಕಿಯ ಸುಸಲಾ ಕೊಟ್ಟಳು, ವಿಷಯ ಕೇಳಿದ ಮೇಲೆ ತಟ್ಟೆ ಎತ್ತಿಕೊಂಡಳು.

‘ಗಂಟಿನ್ಯಾಗ ಹಳೀ ಸೀರಿ ಇದ್ವು. ಕಂಬಳಿ ಇರ್ಲಿಲ್ಲ.’

‘ನೆನಪು ಮಾಡ್ಕೋ ಸಪನಾ. ಕೆಂಪಂದು. ನಡುವ ಗುರುತು.’

‘ನಂಗ ನೆನಪದ ದಾಜಿ. ನಾ ಸಣ್ಣಕಿದ್ದಾಗ ಅದರ ಮ್ಯಾಲ ಮಲಗೇನಿ. ನಿಮ್ಮನಿಗಿ ಹೋದ ಮ್ಯಾಲ ನಾ ಅದರ ಮಾರಿ ನೋಡಿಲ್ಲ.’

‘ಮಾರಿಬಿಟ್ಟೀರೇನು?’

ಆ ಮಾತು ಬಾಯಿಂದ ಹೊರಬಿದ್ದ ಕೂಡಲೇ ಹಿಂದೆ ಎಳೆದುಕೊಳ್ಳಬೇಕೆಂದು ಅವನಿಗೆ ಅನಿಸಿತು. ಆದರೆ ಭಾಷಣಕಾರನ ನಾಲಿಗೆಗೆ ಮುಂದೆ ಹೋಗುವ ಗೇರು ಮಾತ್ರ ಇರುತ್ತದೆ.

ಸಪನಾ ತಟ್ಟೆ ಕೆಳಗಿಟ್ಟಳು. ‘ಕಳವು ಮಾಡಿ ಮಾರೀನಿ ಅಂತೀರಿ. ಹೌದಿಲ್ಲೋ? ಅಕ್ಕಗ ಫೋನ್ ಹಚ್ತೇನಿ. ಅಕಿ ಬಂದು ಹೌದು ಅಂದ್ರ ಈ ಮನ್ಯಾಗ ನೀವೇ ಇರ್ರಿ, ನಾ ಹೊರಗ ಹೋಗ್ತೇನಿ. ಅಲ್ಲ ಅಂದ್ರ ನೀವು ಈ ಬಾಗಲ ಮತ್ತ ತುಳೀಬ್ಯಾಡ್ರಿ.’

ಹೆಂಡತಿಗೆ ಫೋನು ಹೋಯಿತೆಂದರೆ ಮೀಟಿಂಗೂ ಹೋಯಿತು, ಮಾನವೂ ಹೋಯಿತು. ಬರಿಗೈಯಲ್ಲಿ ಸಿಕ್ಕಿಬೀಳುವುದಕ್ಕಿಂತ ಅವಳು ಬರುವುದರೊಳಗೆ ಕಂಬಳಿ ಹೊರಬೀಳಿಸಬೇಕು. ಕಾಶೀರಾಮನಿಗೆ ಗೊತ್ತಿದ್ದದ್ದು ಒಂದೇ ಉಪಾಯ. ಅವನು ಅಂಗಳಕ್ಕೆ ಇಳಿದ, ಬಾಗಿಲೆದುರು ಕೌದಿ ಹಾಸಿದ, ನೀಲಿ ಶಾಲು ಸರಿ ಮಾಡಿಕೊಂಡು ಕಾಲು ಮಡಚಿ ಕೂತ.

‘ಇದೇನ್ ದಾಜಿ?’

‘ಧರಣಿ. ಕಂಬಳಿ ಸಿಗೋತನಕ ಏಳಂಗಿಲ್ಲ.’

ನಾದಿನಿಯ ಮನೆಯೆದುರು ಧರಣಿ ಕೂತ ಮೊದಲ ಹೋರಾಟಗಾರ ತಾನೇ ಇರಬೇಕು ಎಂದು ಅವನಿಗೆ ಸಣ್ಣ ಹೆಮ್ಮೆಯೂ ಆಯಿತು. ಆದರೆ ಕೌದಿ ಕಾಶೀರಾಮ ಕೂತ ಎಂದರೆ ಅದು ಖಾಸಗಿಯಾಗಿ ಉಳಿಯುವುದಿಲ್ಲ. ಬಸ್ ಸ್ಟ್ಯಾಂಡಿನ ಕಡೆಯಿಂದ ಹಳೆಯ ಸಂಗಾತಿ ದತ್ತಾತ್ರಿ ಬಂದ. ಏನು ಎತ್ತ ಎಂದು ಕೇಳದೆ ಪಕ್ಕದಲ್ಲಿ ಕೂತು ‘ಬೇಕೇ ಬೇಕು’ ಎಂದು ಕೂಗಿದ. ದಾರಿಯಲ್ಲಿ ಹೋಗುವವರು ಅಭ್ಯಾಸಬಲದಿಂದ ‘ನ್ಯಾಯ ಬೇಕು’ ಎಂದರು. ನಾಲ್ಕಾರು ಮಂದಿ ಕೂತರು. ಆಮೇಲೆ ದತ್ತಾತ್ರಿ ಕಿವಿಯಲ್ಲಿ ಕೇಳಿದ, ‘ಬೇಡಿಕಿ ಏನಣ್ಣ?’

‘ಕಂಬಳಿ.’

ದತ್ತಾತ್ರಿ ಅನುಭವಿ. ಹೆಚ್ಚಿನ ವಿವರ ಅವನಿಗೆ ಬೇಕಿರಲಿಲ್ಲ. ‘ಬಡವರಿಗೆ ಕಂಬಳಿ ಕೊಡಬೇಕು’ ಎಂದು ಎದ್ದು ನಿಂತು ಸಾರಿದ. ಅರ್ಧ ತಾಸಿನಲ್ಲಿ ಓಣಿಯ ಹೆಂಗಸರು ಆಧಾರ್ ಕಾರ್ಡ್ ಹಿಡಿದು ಸಾಲು ನಿಂತರು. ಒಬ್ಬ ಮುದುಕಿ ಕಾಶೀರಾಮನ ಮೊಣಕಾಲಿಗೆ ಚುಚ್ಚಿ, ‘ನಮ್ಮನ್ಯಾಗ ಐದು ಮಂದಿ ಅದೇವಪ್ಪ, ದೊಡ್ಡದು ಬರಿ’ ಎಂದಳು. ಇನ್ನೊಬ್ಬಳು ಹೋದ ಸಲದ ಹಾಗೆ ತೆಳುವಿದ್ದರೆ ಬೇಡವೇ ಬೇಡ ಎಂದಳು. ಹೋದ ಸಲ ಯಾವಾಗ ಕೊಟ್ಟಿದ್ದರೋ ಯಾರಿಗೂ ಗೊತ್ತಿಲ್ಲ. ಸಪನಾ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡಿದಳು. ಕಾಶೀರಾಮನಿಗೆ ಮೂತ್ರಕ್ಕೆ ಹೋಗಬೇಕಿತ್ತು. ಏಳುವ ಹಾಗಿರಲಿಲ್ಲ, ಮಾತು ಕೊಟ್ಟಾಗಿತ್ತು. ಯಾರೋ ತಂದ ಚಹಾದಲ್ಲಿ ಅರ್ಧ ಅವನು ಕುಡಿದ, ಅರ್ಧ ಕೌದಿ ಕುಡಿಯಿತು.

ಬಿಸಿಲು ಇಳಿಯುವ ಹೊತ್ತಿಗೆ ಬೀದರ್ ಬಸ್ಸು ಬಂತು. ಹೆಂಗಸರಿಗೆ ಟಿಕೀಟಿಲ್ಲದ ಕಾಲ, ಬಿಟ್ಟಿ ಪ್ರಯಾಣ ಮಾಡಿದವಳ ನೆಮ್ಮದಿಯಲ್ಲಿ ಕೌಸಲ್ಯಾಬಾಯಿ ಇಳಿದು ಓಣಿಗೆ ಬಂದಳು. ಜನ ದಾರಿ ಬಿಟ್ಟರು.

‘ಏನ್ ನಡದದ ಇಲ್ಲಿ?’

‘ಹೋರಾಟ’ ಎಂದ ಕಾಶೀರಾಮ, ಅವಳ ಮುಖ ನೋಡದೆ.

‘ಅಕ್ಕಾ, ನಿನ್ನ ಗಂಡ ನಂಗ ಕಳ್ಳಿ ಅಂದಾರ’ ಎಂದಳು ಸಪನಾ. ‘ಆಯಿ ಕಂಬಳಿ ನಾ ಮಾರಿಕೊಂಡೀನಂತ. ನೀ ಹೇಳು, ಆ ಗಂಟಿನ್ಯಾಗ ಕಂಬಳಿ ಇತ್ತೇನು?’

ಕೌಸಲ್ಯಾಬಾಯಿ ತಂಗಿಯನ್ನು ನೋಡಿದಳು, ಗಂಡನನ್ನು ನೋಡಿದಳು, ಆಮೇಲೆ ಗಂಡನ ಕೆಳಗೆ ನೋಡಿದಳು.

‘ಇರ್ಲಿಲ್ಲ.’

‘ಕೇಳಿದ್ರಿಲ್ಲೋ ದಾಜಿ?’

‘ಹಂಗಾದ್ರ ಎಲ್ಲದ?’ ಎಂದ ಕಾಶೀರಾಮ. ತಲೆ ಕೊನೆಗೂ ಬಾಗಿತು, ಅಡುಗೆಮನೆಯಲ್ಲಲ್ಲ, ಅರ್ಧ ಔರಾದಿನ ಎದುರು. ‘ಅದು ನಿನ್ನ ಆಯಿದು. ನಾ ಹುಡುಕಿ ನಿನಗ ಕೊಡಬೇಕಂತ ಮಾಡಿದ್ದೆ ಕೌಸಲ್ಯಾ. ಅದು ಸಿಗೋತನಕ ನಾ ಏಳಂಗಿಲ್ಲ.’

‘ನೀವು ಏಳೋತನಕ ಅದು ಸಿಗಂಗಿಲ್ರಿ’ ಎಂದಳು ಕೌಸಲ್ಯಾಬಾಯಿ.

ಮೊದಲು ಅರ್ಥವಾದದ್ದು ಸಪನಾಗೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ಹಿಡಿದಳು. ಆಮೇಲೆ ಮುದುಕಿಗೆ. ಆಮೇಲೆ ದತ್ತಾತ್ರಿಗೆ, ಅವನು ಮೆಲ್ಲಗೆ ಎದ್ದು ಚಪ್ಪಲಿ ಹುಡುಕತೊಡಗಿದ. ಎಲ್ಲರಿಗಿಂತ ಕೊನೆಗೆ ಕಾಶೀರಾಮನಿಗೆ. ಬೆಂಕಿಯ ಮೇಲೆ ಕೂತವನಂತೆ ಅವನು ಎದ್ದ.

‘ಇದರಾಗ?’

‘ಹೊರಗ ಹೋಗಬೇಕು ಅಂದಿದ್ರಿ. ಹೊರಗೇ ಹೋಗ್ಲಿ ಅಂತ ಇದರಾಗ ಹಾಕಿ ಹೊಲ್ದೆ. ನಿಮ್ಮಷ್ಟು ಹೊರಗ ತಿರಗೋರು ಮತ್ಯಾರದಾರ?’

‘ಇಷ್ಟು ವರ್ಷ ಒಂದ್ ಮಾತು ಹೇಳ್ಲಿಲ್ಲಲ್ಲ ನೀ.’

‘ನೀವು ಕೇಳ್ಲಿಲ್ಲಲ್ರಿ.’

ಸಪನಾ ಬ್ಲೇಡು ತಂದಳು. ಬಿಚ್ಚುವ ಕೆಲಸ ದಾಜಿಯದೇ ಎಂದು ಓಣಿ ತೀರ್ಮಾನಿಸಿತು. ಸೂಜಿ ಹಿಡಿದು ಗೊತ್ತಿಲ್ಲದ ಕಾಶೀರಾಮ ಕಟ್ಟೆಯ ಮೇಲೆ ಕೂತು ಒಂದೊಂದೇ ಹೊಲಿಗೆ ಕೀಳತೊಡಗಿದ. ಕೌಸಲ್ಯಾಬಾಯಿ ಕೌದಿ ಹೊಲಿದರೆ ಬೆರಳಗಲಕ್ಕೊಂದು ಹೊಲಿಗೆ. ಆ ಒಂದೊಂದು ಹೊಲಿಗೆಯೂ ಕಂಬಳಿಗೆ ಒಂದೊಂದು ತೂತು ಎಂಬುದು ಅವನಿಗೆ ನಡುವೆ ಹೊಳೆಯಿತು. ಮೇಲಿನ ಸೀರೆ ಜಾರಿತು. ಒಳಗಿನದು ಹೊರಬಂತು.

ಸುತ್ತ ಹೊಸೆದ ಹುರಿಯ ಅಂಚು ಇತ್ತು. ಕುಚ್ಚಿರಲಿಲ್ಲ. ಮೂಲೆಯಲ್ಲಿ ಚಿಕ್ಕ ಜುಟ್ಟು ಇತ್ತು. ಬೂದು ಬಣ್ಣದ ಒಂದು ಎಳೆ ಅಂಚನ್ನು ದಾಟಿ ಹೊರಗೆ ಹೋಗಿತ್ತು. ದಾರಿ ಬಿಟ್ಟಿದ್ದರೂ ಆ ನೇಯ್ದವಳ ಜೀವ ಕಾಶೀರಾಮನ ಕೆಳಗೆ ಸಿಕ್ಕಿಕೊಂಡಿತ್ತು. ಒದ್ದೆ ಬಟ್ಟೆಯ ಪರೀಕ್ಷೆ ಬೇಕಾಗಲಿಲ್ಲ. ಜಿಲ್ಲಾಧಿಕಾರಿ ಕಚೇರಿಯೆದುರಿನ ಮಳೆಗಾಲಗಳು ಅದನ್ನು ಮುಗಿಸಿದ್ದವು, ಕೆಂಪು ಬಣ್ಣ ಬಿಳಿಯೊಳಗೆ ನುಗ್ಗಿ ಗುಲಾಬಿಯಾಗಿತ್ತು. ಸ್ವಸ್ತಿಕದ ನಾಲ್ಕು ತುದಿಗಳು ಕಂಡವು. ನಡು ಭಾಗ ಕಾಣಲಿಲ್ಲ. ನಡು ಭಾಗ ಇರಲಿಲ್ಲ. ಅಲ್ಲಿ ಉಣ್ಣೆ ಸವೆದು ಬರಿಯ ಎಳೆಗಳು ಜೇಡರಬಲೆಯ ಹಾಗೆ ನಿಂತಿದ್ದವು. ಸವೆದ ಜಾಗದ ಆಕಾರ ಯಾರದೆಂದು ಯಾರೂ ಕೇಳಲಿಲ್ಲ. ಎಲ್ಲರೂ ಅವನ ಹಿಂಭಾಗವನ್ನೊಮ್ಮೆ ನೋಡಿದರು.

‘ಮಾವಶಿ, ನಮ್ಮ ಕಂಬಳಿ?’ ಎಂದು ಸಾಲಿನಲ್ಲಿದ್ದ ಒಬ್ಬಳು ಕೇಳಿದಳು.

‘ಅವರಿಗಿ ಕೇಳವ್ವ. ಲೀಡರ್ ಅವರೇ’ ಎಂದಳು ಕೌಸಲ್ಯಾಬಾಯಿ.

ಮರುದಿನ ಗಂಡಹೆಂಡಿರಿಬ್ಬರೂ ಬಿದರಿ ಅಂಗಡಿಗೆ ಹೋದರು. ಮಾರುವುದಿಲ್ಲ ಎಂದು ಕೌಸಲ್ಯಾಬಾಯಿ ಮೊದಲೇ ಹೇಳಿದ್ದಳು. ಆಯಿ ಹೇಳಿದ್ದು ಖರೆಯೋ ಸುಳ್ಳೋ, ಅಷ್ಟು ತಿಳಿದರೆ ಸಾಕು. ನಿಜಾಮೋದ್ದೀನ ನಾಲ್ಕು ಕಡೆಯಿಂದ ಫೋಟೋ ತೆಗೆದು, ತನ್ನಲ್ಲಿ ಸಾಮಾನು ಕೊಳ್ಳುವ ಒಬ್ಬ ಅಮೆರಿಕದ ಮುದುಕನಿಗೆ ಕಳಿಸಿದ. ಹಳೆಯ ನೇಯ್ಗೆಯನ್ನು ಬಲ್ಲವನು ಅವನು. ಉತ್ತರ ಬಂದ ದಿನ ನಿಜಾಮೋದ್ದೀನ ಇಬ್ಬರನ್ನೂ ಮತ್ತೆ ಕರೆಸಿ, ಕನ್ನಡಕ ಹಾಕಿಕೊಂಡು ಓದಿ ಹೇಳಿದ.

‘ಅಸಲಿ ಅಂತಾನ ಭಾಭಿ. ನೂರು ವರ್ಷದ ಹತ್ತಹತ್ರ ಆಗಿರಬೇಕಂತ. ಜೀನಿನ ಕೆಳಗಿಂದೇ.’

ಕೌಸಲ್ಯಾಬಾಯಿ ಕಂಬಳಿಯ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿದಳು. ‘ಆಯಿ ಸುಳ್ಳು ಹೇಳ್ತಿರ್ಲಿಲ್ಲ’ ಎಂದಳು. ಕಾಶೀರಾಮನ ಎದುರು, ಎಷ್ಟೋ ವರ್ಷಗಳ ಮೇಲೆ. ಅವನು ಕೇಳಬಾರದ್ದನ್ನು ಕೇಳಿದ.

‘ಬೆಲೆ?’

‘ನಕ್ಕೋ ಕೇಳಬ್ಯಾಡ. ಸೂಜಿ ತೂತಿಗಿ ಅಳ್ತಾನ, ಬಣ್ಣಕ್ಕ ಅಳ್ತಾನ. ಎಲ್ಲಕ್ಕಿಂತ ಜಾಸ್ತಿ ನಡುವಿನ ಸವಕಳಿಗಿ. ನಲವತ್ತು ವರ್ಷದಾಗ ಇಂಥಾದ್ದು ನೋಡಿಲ್ಲಂತ. ಒಂದು ಪ್ರಶ್ನಿ ಕೇಳ್ಯಾನ.’ ನಿಜಾಮೋದ್ದೀನ ಕನ್ನಡಕದ ಮೇಲಿಂದ ಗೆಳೆಯನನ್ನು ನೋಡಿದ. ‘ಇದನ್ನ ಯಾವ ಜಾನುವಾರಿನ ಮ್ಯಾಲ ಹಾಕ್ತಿದ್ರಿ, ಕುದುರಿನೋ ಕತ್ತಿನೋ ಅಂತ. ಏನ್ ಬರೀಲಿ ಭಾಭಿ?’

ಕೌಸಲ್ಯಾಬಾಯಿ ಕಂಬಳಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

‘ಖರೇನೇ ಬರೀರಿ ಭಾಯಿ. ನಿಮ್ಮ ಕಡಿ ಇದನ್ನ ಜಾನುವಾರಿನ ಮ್ಯಾಲ ಹಾಕ್ತಿದ್ರು, ನಮ್ಮ ಕಡಿ ಜಾನುವಾರೇ ಇದರ ಮ್ಯಾಲ ಕುಂತಿತ್ತು ಅಂತ.’